ಕಾಳಿ ಅಳಿವೆಯ ಕೆಸರಲ್ಲಿ 400 ಕೆಜಿ ಕವಚ ನಡೆಯುತ್ತಾ?

ಸದಾಶಿವಗಡ_ಮಾಸ್ಟರ್:
ಭಾನುವಾರದ ನಮ್ಮ ರೋಲ್‌ಪ್ಲೇ ಆಟಕ್ಕೆ ನಿಯಮ ಬರೆಯುತ್ತಿದ್ದೇನೆ. ಕಾಲ 2190, ಜಾಗ ಕಾರವಾರದ ಕಾಳಿ ಅಳಿವೆ. ಒಬ್ಬ ಆಟಗಾರ ಪವರ್ ಆರ್ಮರ್, ಅಂದರೆ ಮೋಟಾರಿನಿಂದ ನಡೆಯುವ ಕವಚ, ಕಟ್ಟಿಕೊಂಡಿದ್ದಾನೆ. ಆಳು ಸೇರಿ 400 ಕೆಜಿ, ಬೆನ್ನಿಗೆ 40 ಕೆಜಿ ಬ್ಯಾಟರಿ, ಭುಜದ ಮೇಲೆ ಮಿಸೈಲ್. (ಟ್ಯಾಗೋರ್ ಬೀಚಿನ ಚಾಪೆಲ್ ಯುದ್ಧನೌಕೆ ನೋಡಿ ಬಂದ ಮೇಲೆ ಅವನಿಗೆ ಎಲ್ಲದಕ್ಕೂ ಮಿಸೈಲ್ ಬೇಕು.) ಇದನ್ನು ತೊಟ್ಟು ಕಾಂಡ್ಲಾ (ಮ್ಯಾಂಗ್ರೋವ್) ಕಾಡು ದಾಟುತ್ತೇನೆ ಅನ್ನುತ್ತಾನೆ. ಸುಮ್ನೆ ‘ಆಗಲ್ಲ’ ಅಂದರೆ ಜಗಳ. ಲೆಕ್ಕ ಕೊಡಿ.

ಬೈತಖೋಲ_ಮೆಕ್ಯಾನಿಕ್:
ಪಾದದಿಂದ ಶುರು ಮಾಡಿ. ಒಂದು ಪಾದ 300 ಚದರ ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಹೆಜ್ಜೆ ಇಡುವಾಗ ಪೂರ್ತಿ ಭಾರ ಒಂದೇ ಕಾಲಿಗೆ, ಚದರ ಸೆಂಟಿಮೀಟರಿಗೆ 1.3 ಕೆಜಿ. ನಾವು ಬರಿಗಾಲಲ್ಲಿ ಅರ್ಧ ಕೆಜಿ ಆಸುಪಾಸು, ಅಷ್ಟಕ್ಕೇ ಇಳಿತದಲ್ಲಿ ಮೊಣಕಾಲವರೆಗೆ ಹೂತು ಹೋಗುತ್ತೇವೆ. ಹೂತದ್ದಕ್ಕಿಂತ ಕಾಲು ಕೀಳುವುದೇ ಫಜೀತಿ. ಒಂದು ಕಾಲನ್ನು ಮೋಟಾರು ಎಳೆದಷ್ಟೂ ಇನ್ನೊಂದು ಕೆಳಗಿಳಿಯುತ್ತದೆ. ಬಾತುಕೋಳಿ ಪಾದದ ಹಾಗೆ ಬಿಚ್ಚಿಕೊಳ್ಳುವ 1000 ಚದರ ಸೆಂಟಿಮೀಟರಿನ ಹಲಗೆ ಕೊಡಿ, ಭಾರ 0.4ಕ್ಕೆ ಇಳಿಯುತ್ತದೆ. ಆದರೆ ಕೆಸರಿನಿಂದ ಮೇಲೆದ್ದ ಉಸಿರುಬೇರುಗಳಿಗೆ ಹಲಗೆ ಸಿಕ್ಕಿಕೊಳ್ಳುತ್ತದೆ. ವೇಗ ಅರ್ಧ ಮಾಡಿ.

ಶಿರಸಿ_ಘಟ್ಟದವಳು:
ನಾನು ಬ್ಯಾಟರಿಗೆ ಬರುತ್ತೇನೆ. ಇವತ್ತಿನ ಲಿಥಿಯಂ ಆದರೆ 40 ಕೆಜಿಗೆ ಸುಮಾರು 8 ಯೂನಿಟ್. ಮೋಟಾರು 4 ಕಿಲೋವ್ಯಾಟ್ ತಿಂದರೆ 2 ಗಂಟೆ, ಮುಗೀತು. ಅಳಿವೆಯಲ್ಲಿ ಭರತದಿಂದ ಇಳಿತಕ್ಕೆ ಸುಮಾರು 6 ಗಂಟೆ. ಅಂದರೆ ನೀರು ತಿರುಗುವ ಮೊದಲೇ ಅವನು ಕಾಡಿನ ನಡುವೆ ಕಂಬವಾಗಿ ನಿಂತಿರುತ್ತಾನೆ! 2190ಕ್ಕೆ ಬ್ಯಾಟರಿ ಐದು ಪಟ್ಟು ಮಾಡಿ, ಬೇಡ ಅನ್ನಲ್ಲ. ಆದರೆ ಸೆಕೆ? ಕರಾವಳಿಯ ಮೇ ತಿಂಗಳಲ್ಲಿ ಬನಿಯನ್ನೇ ಭಾರ ಅಲ್ವಾ. ಮುಚ್ಚಿದ ಕವಚದಲ್ಲಿ ಬೆವರು ಆರಲ್ಲ, ಮೈ ತಣಿಯಲ್ಲ. ಕೂಲರಿಗೂ ಅದೇ ಬ್ಯಾಟರಿಯೇ ಗತಿ.

ಇನ್ನೊಂದು ಮಾತು. 1960ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ‘ಹಾರ್ಡಿಮನ್’ ಅಂತ ಇಂಥದ್ದೇ ಒಂದನ್ನು ಮಾಡಲು ಹೊರಟಿತ್ತು. 680 ಕೆಜಿ ಎತ್ತಬೇಕೆಂಬ ಆಸೆ. ಕೊನೆಗೆ ನೆಟ್ಟಗೆ ಕೆಲಸ ಮಾಡಿದ್ದು ಒಂದು ಕೈ ಮಾತ್ರ.

ಸದಾಶಿವಗಡ_ಮಾಸ್ಟರ್:
6 ಗಂಟೆಯ ಗಡಿಯಾರ ಭಾರಿ ಇಷ್ಟವಾಯಿತು, ಮೇಜಿನ ಮೇಲೇ ಇಡುತ್ತೇನೆ. ಕವಚವನ್ನು ಹೋವರ್‌ಕ್ರಾಫ್ಟಿನಲ್ಲಿ ಹೊತ್ತೊಯ್ದರೆ?

ಬೈತಖೋಲ_ಮೆಕ್ಯಾನಿಕ್:
ಬಯಲು ಕೆಸರಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಗಾಳಿಯ ಮೇಲೇ ತೇಲುತ್ತದೆ. ಕಾಂಡ್ಲಾದ ಅಂಚಿಗೆ ನಿಲ್ಲಿಸಿ, ಒಳಗೆ ನುಗ್ಗಿಸಿದರೆ ಬೇರಿಗೆ ಸ್ಕರ್ಟ್ (ಅಡಿಯ ಗಾಳಿ ಹಿಡಿದಿಡುವ ಸುತ್ತಲಿನ ಅಂಚು) ಹರಿಯುತ್ತದೆ. ಸ್ಕರ್ಟನ್ನು ತುಂಡುತುಂಡಾಗಿ ಮಾಡಿಸಿ, ಹರಿದ ತುಂಡಷ್ಟೇ ಬದಲಿಸಬಹುದು. ಮಿಸೈಲ್ ಬಿಚ್ಚಿಟ್ಟು ಆ ಜಾಗದಲ್ಲಿ ಸ್ಪೇರ್ ತುಂಡು ತುಂಬಿ. ಅವನು ಒಪ್ಪಿದರೆ ಹೇಳಿ.