ಏರ್ ಫ್ರೈಯರ್‌ನಲ್ಲಿ ಗೋಳಿಬಜೆ ಹಾಕಿ ಕೆಟ್ಟೆ, ಇದರಲ್ಲಿ ಎಂತ ಮಾಡ್ಲಿಕ್ಕೆ ಆಗ್ತದೆ ಮಾರಾಯ್ರೆ?

ಸುರತ್ಕಲ್ ಅಕ್ಕ:
ನಮ್ಮವರ ಕೊಲೆಸ್ಟ್ರಾಲ್ ರಿಪೋರ್ಟ್ ನೋಡಿ ಬೆಂಗಳೂರಲ್ಲಿರುವ ಮಗ ಏರ್ ಫ್ರೈಯರ್ ಕಳಿಸಿದ್ದಾನೆ. ನಾಲ್ಕೂವರೆ ಲೀಟರಿನದ್ದು, 1500 ವ್ಯಾಟ್. ಮೊನ್ನೆ ಜೋರು ಮಳೆ, ಸಂಜೆ ಚಾಕ್ಕೆ ಗೋಳಿಬಜೆ ಆಗಲಿ ಅಂತ ಹಿಟ್ಟು ಕಲಸಿ ಬುಟ್ಟಿಗೆ ಬಿಟ್ಟೆ. ಐದು ನಿಮಿಷ ಕಳೆದು ಎಳೆದು ನೋಡಿದ್ರೆ ಹಿಟ್ಟೆಲ್ಲ ತೂತಲ್ಲಿ ಇಳಿದು ಕೆಳಗೆ ಎಳೆ ಎಳೆಯಾಗಿ ನೇತಾಡ್ತಾ ಉಂಟು! ಅತ್ತೆ ಇಣುಕಿ "ಒತ್ತುಶ್ಯಾವಿಗೆಗೆ ಕಾಯಿಹಾಲು ಮಾಡ್ಬೇಕಾ?" ಅಂತ ಕೇಳಿದ್ರು.

ನಿನ್ನೆ ಬಂಗುಡೆ ಇಟ್ಟೆ. ಬೋಟು ಕಡಲಿಗೆ ಇಳಿಯದ ತಿಂಗಳು, ನಾಲ್ಕು ಮೀನಿಗೆ ಎಷ್ಟು ಕೊಟ್ಟೆ ಅಂತ ಮನೆಯಲ್ಲಿ ಹೇಳಿಲ್ಲ. 200 ಡಿಗ್ರಿ, 20 ನಿಮಿಷ. ಮೀನು ಒಣಕಲು, ಮೇಲಿನ ರವೆ ಮಾತ್ರ ಬೆಳ್ಳಗೆ, ಮರಳು ಜಗಿದ ಹಾಗೆ. ಜೊತೆಗೆ ಬಂದ ಪುಸ್ತಕದಲ್ಲಿ ಬರೀ ಫ್ರೆಂಚ್ ಫ್ರೈಸ್, ನಗೆಟ್ಸ್. ನಮ್ಮ ಅಡುಗೆ ಇದರಲ್ಲಿ ಆಗ್ತದಾ, ಅಲ್ಲ ಅಟ್ಟಕ್ಕೆ ಹಾಕುವುದಾ?

ಕಲ್ಸಂಕ ಉಡುಪಿ:
ಅಟ್ಟಕ್ಕೆ ಹಾಕ್ಬೇಡಿ ಅಕ್ಕ. ಹೆಸರು ಮಾತ್ರ ಫ್ರೈಯರ್, ಅದು ಬಾಣಲೆ ಅಲ್ಲ, ಸಣ್ಣ ಓವನ್. ಮೇಲೆ ಕಾಯಿಲ್, ಅದರ ಮೇಲೆ ಫ್ಯಾನ್, ಬಿಸಿಗಾಳಿ ಸುತ್ತುತ್ತಾ ಇರ್ತದೆ. ಕಾದ ಎಣ್ಣೆಗೆ ಬಿದ್ದ ಹಿಟ್ಟು ಬಿದ್ದಲ್ಲೇ ಹೊರಗಿಂದ ಗಟ್ಟಿಯಾಗಿ ಉರುಟಾಗ್ತದೆ, ಗಾಳಿಗೆ ಅಷ್ಟು ತಾಕತ್ತಿಲ್ಲ. ಎಣ್ಣೆಗೆ ಬಿಡುವ ಗೋಳಿಬಜೆ, ಬನ್ಸ್, ಪೋಡಿ ಮೂರನ್ನೂ ಮರೆತುಬಿಡಿ.

ಬಂಗುಡೆ ಚೆನ್ನಾಗಿ ಆಗ್ತದೆ. ತೊಳೆದ ಮೀನನ್ನು ಬಟ್ಟೆಯಲ್ಲಿ ಒರೆಸಿ, ಗೀರು ಹಾಕಿ, ಬ್ಯಾಡಗಿ ಮೆಣಸು, ಹುಣಸೆಹುಳಿಯ ಮಸಾಲೆ ಗಟ್ಟಿಯಾಗಿ ಅರೆದು ಹಚ್ಚಿ ಅರ್ಧ ಗಂಟೆ ಬಿಡಿ. ರವೆಗೆ ಮೊದಲೇ ಒಂದು ಚಮಚ ತೆಂಗಿನೆಣ್ಣೆ ಹಾಕಿ ಬೆರಳಲ್ಲಿ ತಿಕ್ಕಿ. ಮುಷ್ಟಿ ಹಿಡಿದರೆ ಒಂಚೂರು ಅಂಟಬೇಕು. ಎಣ್ಣೆ ಸೋಕದ ರವೆ ಮೀನು ಬೇಯುವಷ್ಟರಲ್ಲಿ ಕೆಂಪಾಗುವುದಿಲ್ಲ, ನಿಮಗಾದದ್ದು ಅದೇ. 180ರಲ್ಲಿ 12 ನಿಮಿಷ ಸಾಕು, 7ಕ್ಕೆ ಒಮ್ಮೆ ಮಗುಚಿ. ಎರಡೇ ಮೀನು ಇಡಿ, ಒಂದಕ್ಕೊಂದು ತಾಗಬಾರದು.

ನಿಜ ಹೇಳ್ಬೇಕಂದ್ರೆ ನಮ್ಮಲ್ಲಿ ಅದು ಹೆಚ್ಚು ದುಡಿಯುವುದು ಮಾಡಿಟ್ಟ ತಿಂಡಿಗೆ. ಈ ಮಳೆಗೆ ಮೆತ್ತಗಾದ ಚಕ್ಕುಲಿ 150ರಲ್ಲಿ ನಾಲ್ಕು ನಿಮಿಷ, ತಣಿದ ಮೇಲೆ ಮುರಿದು ನೋಡಿ. ನಿನ್ನೆಯ ಪತ್ರೊಡೆ ಹೋಳು ಮಾಡಿ ಎಣ್ಣೆ ಸವರಿ ಇಟ್ಟರೆ ಅಂಚು ಕರುಕುರು. ಹಲಸಿನ ಹಪ್ಪಳವೂ ಆಗ್ತದೆ, ಆದ್ರೆ ಗಾಳಿಗೆ ಹಾರಿ ಕಾಯಿಲಿಗೆ ಅಂಟಿ ಹೊಗೆ ಬರ್ತದೆ. ಮೇಲೊಂದು ಸ್ಟೀಲ್ ಜಾಲರಿ ಮುಚ್ಚಿ. ಇದನ್ನು ನಾನು ಕಲಿತದ್ದು ಹೊಗೆ ನೋಡಿದ ಮೇಲೆ.

ಮಲ್ಪೆ ಮೀನು:
ಬಂಗುಡೆ ಕಾವಲಿಯಲ್ಲೇ ಕಾಯಿಸ್ಬೇಕು. ಉಳಿದದ್ದೆಲ್ಲ ಡಾಕ್ಟ್ರ ಸಮಾಧಾನಕ್ಕೆ.

ಕಂಕನಾಡಿ ವೈರಿಂಗ್:
ಅಡುಗೆ ಗೊತ್ತಿಲ್ಲ, ಒಂದು ವಿಷಯ ಕೇಳ್ತೇನೆ. ಪ್ಲಗ್ ಎಲ್ಲಿ ಹಾಕಿದ್ದೀರಿ? 6 ಆಂಪಿಯರ್ ಪಾಯಿಂಟ್ 230 ವೋಲ್ಟಿಗೆ 1380 ವ್ಯಾಟ್ ವರೆಗೆ ಮಾತ್ರ. ನಿಮ್ಮದು 1500. ದೊಡ್ಡ 16 ಆಂಪಿಯರ್ ಪಾಯಿಂಟೇ ಬೇಕು. ಕರೆಂಟ್ ಬಿಲ್ಲಿಗೆ ಹೆದರ್ಬೇಡಿ, 20 ನಿಮಿಷ ಪೂರ್ತಿ ಉರಿದರೂ ಅರ್ಧ ಯೂನಿಟ್.

ಸುರತ್ಕಲ್ ಅಕ್ಕ:
ಅಯ್ಯೋ, ದೊಡ್ಡ ಪ್ಲಗ್ಗಿಗೆ ಕನ್ವರ್ಟರ್ ಸಿಕ್ಕಿಸಿ ಮಿಕ್ಸಿಯ ಸಣ್ಣ ಪಾಯಿಂಟಿಗೆ ಹಾಕಿದ್ದೆ. ಮುಟ್ಟಿ ನೋಡಿದೆ, ಕೈ ಇಡ್ಲಿಕ್ಕೆ ಆಗದಷ್ಟು ಬಿಸಿ. ಈಗ ಫ್ರಿಜ್ಜಿನ ಪಕ್ಕದ ದೊಡ್ಡ ಪಾಯಿಂಟಿಗೆ ಬದಲಾಯಿಸಿದ್ದೇನೆ.

ಮೀನು ತರುವ ಧೈರ್ಯ ಬರಲಿಲ್ಲ. ಹಿತ್ತಲಿನ ಜೀಗುಜ್ಜೆ ಉಂಟಲ್ಲ, ಅದನ್ನೇ ತೆಳು ಹೋಳು ಮಾಡಿ ಅದೇ ಮಸಾಲೆ, ಅದೇ ಎಣ್ಣೆ ತಿಕ್ಕಿದ ರವೆ ಹಾಕಿ 180ರಲ್ಲಿ 15 ನಿಮಿಷ ಇಟ್ಟೆ. ಕೆಂಪಗೆ, ಒಳಗೆ ಮೆತ್ತಗೆ! ನಮ್ಮವರಿಗೆ ಇಟ್ಟದ್ದರಲ್ಲಿ ಅರ್ಧ ಅತ್ತೆ ತಟ್ಟೆಗೆ ಹೋಯ್ತು. ತಿಂದು ಕೈ ತೊಳೆಯುವಾಗ ಹೇಳಿದ್ರು: "ಇದಕ್ಕೆ ಎಣ್ಣೆ ಉಳೀತಲ್ಲ, ನಾಳೆ ಅದರಲ್ಲಿ ಗೋಳಿಬಜೆ ಮಾಡು."