ಒಂದೇ ಬಾಳೆಹಣ್ಣಿಗೆ ಬಂದ ಎರಡು ಥರದ ಹಣ್ಣುನೊಣ: ಕ್ರಾಸ್ ಮಾಡಿ ಪ್ರಭೇದ ಬೇರೆ ಎನ್ನಬಹುದೇ?

ಕೊತ್ರೂಡ್_ಪ್ರಾಣಿಶಾಸ್ತ್ರ:
ನಮಸ್ಕಾರ. ಪುಣೆಯಲ್ಲಿ ಕಳಿತ ಬಾಳೆಹಣ್ಣು ಇಟ್ಟು ಹಿಡಿದ ಡ್ರೊಸೊಫಿಲಾಗಳಲ್ಲಿ ಗಂಡು ಎರಡು ಥರ ಇವೆ. ಒಂದರ ಹೊಟ್ಟೆಯ ತುದಿ ಕಪ್ಪು, ಇನ್ನೊಂದರದು ತಿಳಿ ಕಂದು. ಮಲೆರ್ಕೋಟ್ಲಿಯಾನಾ ಮತ್ತು ಬೈಪೆಕ್ಟಿನಾಟಾ ಎಂಬ ಎರಡು ಪ್ರಭೇದ ಇರಬೇಕು ಅಂತ ಅಂದಾಜು. ಹೆಣ್ಣುಗಳಲ್ಲಿ ಮಾತ್ರ ಏನೂ ವ್ಯತ್ಯಾಸ ಕಾಣುವುದಿಲ್ಲ. ಎರಡನ್ನೂ ಕೂಡಿಸಿದರೆ ಮರಿಗಳೇನೋ ಧಾರಾಳವಾಗಿ ಬಂದವು, ಆದರೆ ಆ ಮಿಶ್ರತಳಿ ಗಂಡುಗಳಿಂದ ಮುಂದಿನ ಪೀಳಿಗೆ ಇಲ್ಲ. ಮೇ ತಿಂಗಳು, ಮಧ್ಯಾಹ್ನ ಕೋಣೆ 33 ಡಿಗ್ರಿ. ಎಂಎಸ್ಸಿ ತರಗತಿಯಲ್ಲಿ ಇದನ್ನು ಹಾಲ್ಡೇನ್ ನಿಯಮ (ಮಿಶ್ರತಳಿಯಲ್ಲಿ ಒಂದು ಲಿಂಗವೇ ಮೊದಲು ಕೆಡುತ್ತದೆ ಎನ್ನುವುದು) ಅಂತ ತೋರಿಸಬಹುದೇ?

ಘಾಟ್ಕೋಪರ್_ಜೆನೆಟಿಕ್ಸ್:
ಈಗಲೇ ಬೇಡ ಸರ್. ಆ ಸೆಕೆಗೆ ಶುದ್ಧ ತಳಿಯ ಗಂಡೂ ಬಂಜೆಯಾಗಬಹುದು. ಪ್ರಯೋಗಾಲಯಗಳ ಮಾಮೂಲಿ ಹಣ್ಣುನೊಣವಾದ ಮೆಲನೊಗ್ಯಾಸ್ಟರ್‌ನಲ್ಲಿ 30–31 ಡಿಗ್ರಿಗೇ ವೀರ್ಯಾಣು ಬೆಳವಣಿಗೆ ಕೆಡುತ್ತದೆ. ನೊಣ ನೋಡಲು ಗಟ್ಟಿಮುಟ್ಟಾಗಿರುತ್ತದೆ, ಕೂಡುತ್ತದೆ, ಮೊಟ್ಟೆ ಮಾತ್ರ ಒಡೆಯುವುದಿಲ್ಲ. ನಿಮ್ಮವು ಉಷ್ಣವಲಯದವು, ಚೂರು ಹೆಚ್ಚು ತಾಳಿಕೊಂಡಾವು, ಆದರೆ ಅದನ್ನು ನಂಬಿ ಕೂರಬೇಡಿ. ಮೊಟ್ಟೆಯಿಂದಲೇ 24–25 ಡಿಗ್ರಿಯಲ್ಲಿ ಬೆಳೆಸಿ, ಪಕ್ಕದಲ್ಲೇ ಎರಡೂ ಶುದ್ಧ ತಳಿಗಳ ವಯಲ್ (ನೊಣ ಸಾಕುವ ಚಿಕ್ಕ ಸೀಸೆ) ಇರಲಿ. ಅವು ಫಲ ಕೊಟ್ಟು ಮಿಶ್ರತಳಿ ಗಂಡು ಮಾತ್ರ ಕೊಡದಿದ್ದರೆ ಆಗ ಮಾತಾಡೋಣ.

ನೋಡುವ ವಿಧಾನ: ಮಿಶ್ರತಳಿ ಗಂಡನ್ನು ಹುಟ್ಟಿದ ದಿನವೇ ಬೇರ್ಪಡಿಸಿ, ಹೆಣ್ಣಿಲ್ಲದೆ 5–7 ದಿನ ಇಡಿ. ಆಮೇಲೆ 0.7 ಶೇಕಡ ಉಪ್ಪುನೀರಿನ ಹನಿಯಲ್ಲಿ ವೀರ್ಯಕೋಶ (ವೀರ್ಯಾಣು ಶೇಖರವಾಗುವ ಚೀಲ) ಬಿಡಿಸಿ, ಕವರ್‌ಸ್ಲಿಪ್ ಹಾಕಿ ಮೆಲ್ಲಗೆ ಅದುಮಿ. ಶುದ್ಧ ತಳಿಯದಾದರೆ ಉದ್ದನೆಯ ವೀರ್ಯಾಣುಗಳು ಉಕ್ಕಿ ಬಂದು ಅಲೆಯಲೆಯಾಗಿ ಹೊರಳುತ್ತವೆ. ಬಂಜೆ ಗಂಡಿನಲ್ಲಿ ಚಲಿಸುವ ವೀರ್ಯಾಣು ಇರುವುದಿಲ್ಲ. ಮರಿ ಎಣಿಸುವುದಕ್ಕಿಂತ ಇದು ಖಚಿತ. ಮರಿ ಬಾರದಿರಲು ಬೂಷ್ಟೂ ಸಾಕು, ಒಣಗಿದ ಆಹಾರವೂ ಸಾಕು.

ಆ ಮಿಶ್ರತಳಿ ಗಂಡುಗಳ ಅಕ್ಕತಂಗಿಯರನ್ನೂ ಪರೀಕ್ಷಿಸಲೇಬೇಕು. ಹಾಲ್ಡೇನ್ 1922ರಲ್ಲಿ ಹೇಳಿದ್ದು ಲಿಂಗ ವರ್ಣತಂತು ಜೋಡಿ ಒಂದೇ ಥರ ಇಲ್ಲದವರೇ ಮೊದಲು ಕೆಡುತ್ತಾರೆ ಅಂತ. ನೊಣಗಳಲ್ಲಿ ಅದು ಗಂಡು: ಎಕ್ಸ್ ಒಂದೇ ಇರುವುದರಿಂದ ಇನ್ನೊಂದು ಪ್ರಭೇದದ ಜೀನ್‌ಗಳ ಜೊತೆ ಹೊಂದದ ಅಪ್ರಬಲ ಜೀನ್‌ಗೆ ಮರೆ ಸಿಗುವುದಿಲ್ಲ. ನಿಮ್ಮ ಎರಡೂ ಸೇರಿರುವ ಬೈಪೆಕ್ಟಿನಾಟಾ ಗುಂಪಿನ ನಾಲ್ಕು ಪ್ರಭೇದಗಳಲ್ಲಿ ಯಾವ ಜೋಡಿ ಕೂಡಿದರೂ ಗಂಡು ಬಂಜೆ, ಹೆಣ್ಣು ಫಲವಂತ. ಹೆಣ್ಣೂ ಬಂಜೆ ಅಂತ ಬಂದರೆ ಕ್ರಾಸ್‌ನಲ್ಲೋ ಗುರುತಿನಲ್ಲೋ ಎಡವಟ್ಟಾಗಿದೆ.

ಕೊತ್ರೂಡ್_ಪ್ರಾಣಿಶಾಸ್ತ್ರ:
ಅರ್ಥವಾಯಿತು. ಹಾಗಾದರೆ ಹೆಣ್ಣುಗಳನ್ನು ವಿಂಗಡಿಸುವುದು ಹೇಗೆ?

ಠಾಣೆ_ನೊಣಶಾಲೆ:
ವಿಂಗಡಿಸಲು ಹೋಗಬೇಡಿ, ಅವಳ ಗಂಡುಮಕ್ಕಳನ್ನು ನೋಡಿ. ಹೊರಗಿಂದ ಹಿಡಿದ ಒಂದು ಹೆಣ್ಣಿಗೆ ಒಂದು ವಯಲ್. ಅದು ಬಹುತೇಕ ಗರ್ಭ ಕಟ್ಟಿಕೊಂಡೇ ಬಂದಿರುತ್ತದೆ. ಗಂಡುಮಕ್ಕಳ ಹೊಟ್ಟೆಯ ಬಣ್ಣ ಮತ್ತು ಮುಂಗಾಲಿನ ಸೆಕ್ಸ್ ಕೋಂಬ್‌ನ (ಗಂಡಿಗೆ ಮಾತ್ರ ಇರುವ, ಬಾಚಣಿಗೆಯಂಥ ಬಿರುಗೂದಲು) ಹಲ್ಲುಸಾಲು ನೋಡಿ ಚೀಟಿ ಅಂಟಿಸಿ. ಎರಡೂ ಥರ ಒಂದೇ ವಯಲ್‌ನಲ್ಲಿ ಕಂಡರೆ ಆ ತಳಿ ಬಿಟ್ಟುಬಿಡಿ.

ಕ್ರಾಸ್‌ಗೆ ಕನ್ಯೆಯರೇ ಬೇಕು. ಬೆಳಿಗ್ಗೆ ವಯಲ್ ಪೂರ್ತಿ ಖಾಲಿ ಮಾಡಿ, 25 ಡಿಗ್ರಿಯಲ್ಲಾದರೆ 8 ಗಂಟೆಯೊಳಗೆ ಹೊಸದಾಗಿ ಬಂದವನ್ನು ಆರಿಸಿ. ಬಿಳಿಚಿದ ಮೈ, ಹೊಟ್ಟೆಯೊಳಗೆ ಕಪ್ಪು ಚುಕ್ಕೆ ಇರುವಂಥವು ಇನ್ನೂ ಭದ್ರ. ನಾಲ್ಕು ದಿನ ಒಂಟಿಯಾಗಿಡಿ. ಮರಿಹುಳು ಕಂಡ ವಯಲ್ ಕಸಕ್ಕೆ.

ಆಹಾರ ಮೈಸೂರಿನ ಪ್ರಯೋಗಾಲಯಗಳಲ್ಲಿ ಮಾಡುವ ರವೆಯದೇ ಸಾಕು: ನೀರು 1 ಲೀಟರ್, ಬೆಲ್ಲ 100 ಗ್ರಾಂ, ರವೆ 100 ಗ್ರಾಂ, ಅಗರ್ 10 ಗ್ರಾಂ, ಪ್ರೊಪಿಯಾನಿಕ್ ಆಮ್ಲ 7.5 ಮಿ.ಲೀ. ಆಮ್ಲವನ್ನು ಒಲೆಯಿಂದಿಳಿಸಿ ಸ್ವಲ್ಪ ಆರಿದ ಮೇಲೆ ಹಾಕಿ. ಕುದಿಯುವಾಗ ಹಾಕಿದರೆ ಆವಿಯಾಗಿ ಹೋಗುತ್ತದೆ, ಮೂರನೇ ದಿನಕ್ಕೆ ಬೂಷ್ಟು. ಮಳೆಗಾಲದಲ್ಲಿ ವಯಲ್‌ಗಳ ಬಾಯಿಗೆ ತೆಳು ಬಟ್ಟೆ ಕಟ್ಟಿ ಒಂದು ರಾತ್ರಿ ಆರಿಸಿ, ಇಲ್ಲದಿದ್ದರೆ ಗೋಡೆಯ ನೀರಿಗೇ ನೊಣ ಅಂಟಿ ಸಾಯುತ್ತದೆ. ನೊಣಕ್ಕೆ ಮಂಪರು ಬರಿಸುವ ಈಥರ್ ಹೆಚ್ಚಾಗಿ ರೆಕ್ಕೆ ಮೇಲಕ್ಕೆ ನಿಗುರಿದರೆ ಅದರ ಕತೆ ಮುಗಿದಂತೆ.

ಕ್ರಾಸ್ ಎರಡೂ ದಿಕ್ಕಿನಲ್ಲಿ ಮಾಡಿ: ಒಮ್ಮೆ ಇದರ ಗಂಡಿಗೆ ಅದರ ಹೆಣ್ಣು, ಇನ್ನೊಮ್ಮೆ ಅದರ ಗಂಡಿಗೆ ಇದರ ಹೆಣ್ಣು. ಒಂದು ದಿಕ್ಕಿನಲ್ಲಿ ಮಾತ್ರ ಮೊಟ್ಟೆ ಒಡೆಯದಿದ್ದರೆ ವೊಲ್ಬಾಕಿಯಾ ಬ್ಯಾಕ್ಟೀರಿಯಾದ ಮೇಲೂ ಅನುಮಾನಪಡಿ: ಸೋಂಕಿನ ಗಂಡು, ಸೋಂಕಿಲ್ಲದ ಹೆಣ್ಣು ಸೇರಿದರೆ ಭ್ರೂಣ ಸಾಯುತ್ತದೆ, ತಿರುವುಮುರುವಾದರೆ ಏನೂ ಆಗುವುದಿಲ್ಲ. ಒಂದು ಮಿ.ಲೀ. ಆಹಾರಕ್ಕೆ 0.25 ಮಿ.ಗ್ರಾಂ ಟೆಟ್ರಾಸೈಕ್ಲಿನ್ ಬೆರೆಸಿ ಎರಡು ಪೀಳಿಗೆ ಸಾಕಿ, ಔಷಧಿ ಇಲ್ಲದೆ ಇನ್ನೆರಡು ಪೀಳಿಗೆ ಬಿಟ್ಟು, ಮತ್ತೆ ಕೂಡಿಸಿ. ಆಗ ಮೊಟ್ಟೆ ಒಡೆದರೆ ಅಡ್ಡಿ ನೊಣದ ಜೀನ್‌ಗಳದ್ದಲ್ಲ.

ಮಾಪುಸಾ_ತೋಟ:
ಒಂದು ಎಚ್ಚರಿಕೆ: ಬಂಜೆ ಗಂಡು ಬಂದರೆ ಬೇರೆ ಪ್ರಭೇದ ಎನ್ನಲು ಬಲವಾದ ಸಾಕ್ಷಿ, ಸರಿ. ಫಲವಂತ ಮರಿ ಬಂದರೆ ಒಂದೇ ಪ್ರಭೇದ ಎನ್ನಲು ಬರುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಬಹುಕಾಲ ಅಧ್ಯಯನವಾದ ನಸೂಟಾ ಮತ್ತು ಆಲ್ಬೊಮಿಕ್ಯಾನ್ಸ್ ಎಂಬ ಡ್ರೊಸೊಫಿಲಾ ಜೋಡಿ ನೋಡಿ. ಮೊದಲನೆಯದಕ್ಕೆ ವರ್ಣತಂತು 8, ಎರಡನೆಯದಕ್ಕೆ 6, ಏಕೆಂದರೆ ಮೂರನೇ ವರ್ಣತಂತು ಲಿಂಗ ವರ್ಣತಂತುಗಳಿಗೆ ಬೆಸೆದುಕೊಂಡಿದೆ. ಇಷ್ಟಿದ್ದೂ ವಯಲ್‌ನಲ್ಲಿ ಕೂಡಿಸಿದರೆ ಪೀಳಿಗೆಗಟ್ಟಲೆ ಮುಂದುವರಿಯುತ್ತವೆ; ಹಾಗೆ ಬಂದ ಮಿಶ್ರ ಸಾಲುಗಳಿಗೆ ಅಲ್ಲಿಯವರು ಸೈಟೊರೇಸ್ ಎಂದೇ ಹೆಸರಿಟ್ಟರು. ನನ್ನನ್ನು ಕೇಳಿದರೆ ಹಾಲ್ಡೇನ್ ನಿಯಮದ ಪಕ್ಕದಲ್ಲೇ ಈ ಜೋಡಿಯನ್ನೂ ಪಾಠ ಮಾಡಬೇಕು.

ನಮ್ಮ ಹಾಪೂಸ್ ಮಾವಿಗೆ ಕಾಟ ಕೊಡುವ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್‌ಗೂ ಹಣ್ಣುನೊಣ ಅಂತಲೇ ಹೆಸರು, ಆದರೆ ಅದು ಬೇರೆಯೇ ಕುಟುಂಬ, ಮಕ್ಕಳು ಎರಡನ್ನೂ ಕಲಸಿಬಿಡುತ್ತಾರೆ. ಅಲ್ಲಿ ಆದದ್ದು ಉಲ್ಟಾ: ಬೇರೆ ಬೇರೆ ಹೆಸರಿದ್ದ ಪಪಾಯೆ, ಇನ್ವಾಡೆನ್ಸ್ ಇತ್ಯಾದಿ ಪ್ರಭೇದಗಳನ್ನು ಕೂಡುವಿಕೆ, ವಾಸನೆ ರಾಸಾಯನಿಕ, ಡಿಎನ್‌ಎ ಎಲ್ಲ ಹೋಲಿಸಿ ನೋಡಿ 2015ರಲ್ಲಿ ಡಾರ್ಸಾಲಿಸ್‌ನೊಳಗೇ ಸೇರಿಸಿದರು. ಇನ್ನು ಮಿಥೈಲ್ ಯುಜಿನಾಲ್ (ಗಂಡು ನೊಣ ಸೆಳೆಯುವ ವಾಸನೆ ವಸ್ತು) ಇಟ್ಟ ಟ್ರ್ಯಾಪಿಗೆ ಡಾರ್ಸಾಲಿಸ್, ಜೊನಾಟಾ, ಕರೆಕ್ಟಾ ಮೂರರ ಗಂಡುಗಳೂ ಬಂದು ಬೀಳುತ್ತವೆ. ಒಂದೇ ಡಬ್ಬದಲ್ಲಿ ಸಿಕ್ಕಿದವೆಲ್ಲ ಒಂದೇ ಅಂತ ಬರೆದುಕೊಳ್ಳಬೇಡಿ. ರೆಕ್ಕೆಯ ಅಂಚಿನ ಪಟ್ಟಿ ಉದ್ದಕ್ಕೂ ಸಾಗಿದೆಯೋ ನಡುವೆ ಕಡಿದಿದೆಯೋ ನೋಡಿ. ಡಾರ್ಸಾಲಿಸ್‌ನಲ್ಲಿ ಕಡಿಯುವುದಿಲ್ಲ.