ಕತ್ತಿ ಒರೆ ಹೊಲಿಯೋಕೆ ದೊಡ್ಡ ಮಿಷನ್ ಬೇಕಾ? ಜೊತೆಗೆ ಈ ಕಪ್ಪು ಕಲೆ ಎಂಥದು?

ಸುಗ್ಗಿ ಮುಗೀತು:

ಎಲ್ಲರಿಗೂ ನಮಸ್ಕಾರ. ನಂದು ತೀರ್ಥಹಳ್ಳಿ ಹತ್ತಿರ ಒಂದು ಹಳ್ಳಿ. ಹೋದ ವರ್ಷ ಅಡಿಕೆ ಸುಗ್ಗಿ ಮುಗಿದ ಮೇಲೆ ಸುಮ್ನೆ ಹೊತ್ತು ಹೋಗಲಿ ಅಂತ ಚರ್ಮದ ಕೆಲಸ ಶುರು ಮಾಡಿದೆ. ಎರಡು ಪರ್ಸು, ಒಂದು ಬೆಲ್ಟು ಆಯಿತು. ಬೆಲ್ಟಿಗೆ ಹೊಲಿಗೆಯೇ ಇಲ್ಲ, ಬರೀ ತೂತು ಮತ್ತು ಬಕಲ್, ಹಾಗಾಗಿ ಅದೊಂದೇ ನೆಟ್ಟಗೆ ಇರುವುದು.

ಈಗ ಅಪ್ಪಯ್ಯನ ಕತ್ತಿಗೆ ಒರೆ ಮಾಡಲು ಹೋಗಿ ಸಿಕ್ಕಿಹಾಕಿಕೊಂಡಿದ್ದೇನೆ. ಚರ್ಮ 3 ಮಿಮೀ ದಪ್ಪ, ವೆಜ್ ಟ್ಯಾನ್ (ಮರದ ತೊಗಟೆ, ಕಾಯಿ ಹಾಕಿ ಹದ ಮಾಡಿದ್ದು) ಅಂತ ಹೇಳಿ ಕೊಟ್ಟದ್ದು. ಎರಡು ಪದರ ಸೇರಿಸಿ ಅಮ್ಮನ ಕಾಲ್ತುಳಿತದ ಮಿಷನ್ನಿಗೆ ಕೊಟ್ಟೆ. ಮೂರನೇ ಹೊಲಿಗೆಗೆ ಸೂಜಿ ಟಪ್ ಅಂತ ಮುರಿದು ಕನ್ನಡಕಕ್ಕೆ ಹಾರಿತು. ಕನ್ನಡಕ ಇದ್ದದ್ದು ಪುಣ್ಯ. "ರವಿಕೆ ಹೊಲಿಯೋ ಮಿಷನ್ನಿಗೆ ಎಮ್ಮೆ ಚರ್ಮ ಹಾಕ್ತೀಯಲ್ಲ, ಬುದ್ಧಿ ಇದೆಯಾ" ಅಂತ ಅಮ್ಮನಿಂದ ಮಂಗಳಾರತಿಯೂ ಆಯಿತು. ಆಮೇಲೆ ಚೀಲ ಹೊಲಿಯುವ ದಬ್ಬಳದಲ್ಲಿ ಕೈಯಲ್ಲೇ ಹೊಲಿದೆ. ಅಪ್ಪಯ್ಯ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಒಂದು ವಾರ ತೋಟಕ್ಕೆ ಹೋದರು ಅಷ್ಟೇ, ತುದಿಯಲ್ಲಿ ಕತ್ತಿಯ ಬಾಯಿ ತಾಗಿ ದಾರ ಒಳಗಿನಿಂದಲೇ ಕತ್ತರಿಸಿ ಹೋಯಿತು. ಸಾಲದ್ದಕ್ಕೆ ಒರೆಯ ತುಂಬಾ ಕಪ್ಪು ಕಲೆ. ಒರೆಸಿದರೆ ಹೋಗುವುದಿಲ್ಲ. ಬೂಷ್ಟಾ ಇದು?

ಶಿವಮೊಗ್ಗದಲ್ಲಿ ಒಬ್ಬರು ಹಳೇ ಸೀಟ್ ಕವರ್ ಹೊಲಿಯುವ ಮಿಷನ್ ಇದೆ, 26 ಸಾವಿರಕ್ಕೆ ಕೊಡ್ತೇನೆ ಅಂತಿದ್ದಾರೆ. ತಗೊಳ್ಳಲಾ? ಹೌದು ಅಥವಾ ಬೇಡ ಅಂತ ಹೇಳಿ ಸಾಕು, ಮಳೆ ಹಿಡಿಯುವುದರೊಳಗೆ ಒಂದು ನಿರ್ಧಾರ ಮಾಡಬೇಕು.

ಸೀಟ್ ಕವರ್:

ಬೇಡ. ಯಾಕೆ ಅಂತಲೂ ಹೇಳುತ್ತೇನೆ, ನಾನು ಹದಿನಾಲ್ಕು ವರ್ಷದಿಂದ ಅದೇ ಕೆಲಸದಲ್ಲಿ ಇರುವವನು.

ಬಟ್ಟೆ ಮಿಷನ್ನಿನಲ್ಲಿ ಕೆಳಗಿನ ಹಲ್ಲು ಮಾತ್ರ ಬಟ್ಟೆಯನ್ನು ಹಿಂದಕ್ಕೆ ಎಳೆಯುವುದು. ಮೇಲಿನ ಫೂಟ್ ಸುಮ್ನೆ ಒತ್ತಿಕೊಂಡು ಕೂತಿರುತ್ತದೆ. ಚರ್ಮ ಅದಕ್ಕೆ ಅಂಟಿಕೊಳ್ಳುತ್ತದೆ. ಕೆಳಪದರ ಹಿಂದಕ್ಕೆ ಹೋಗುತ್ತದೆ, ಮೇಲಿನದು ಅಲ್ಲೇ ನಿಲ್ಲುತ್ತದೆ, ಮಧ್ಯದಲ್ಲಿ ಸೂಜಿ ಬಗ್ಗಿ ಕೆಳಗಿನ ತಗಡಿಗೆ ಹೊಡೆದು ಮುರಿಯುತ್ತದೆ. ನಿಮಗೆ ಆದದ್ದು ಇದೇ. ನಮ್ಮ ಮಿಷನ್ನಿನಲ್ಲಿ ಹಲ್ಲು, ಸೂಜಿ, ಫೂಟ್ ಮೂರೂ ಒಟ್ಟಿಗೆ ಹೆಜ್ಜೆ ಹಾಕುತ್ತವೆ, ಅದಕ್ಕೇ ವಾಕಿಂಗ್ ಫೂಟ್ ಅನ್ನುವುದು. ಆದರೆ ಅದು ಇರುವುದು ಕಾರ್ ಸೀಟಿನ ಮೆತ್ತನೆ ಚರ್ಮಕ್ಕೆ, ರೆಕ್ಸಿನ್‌ಗೆ. ನಿಮ್ಮ ಒರೆಯಂಥ ಗಟ್ಟಿ ಚರ್ಮ 6 ಮಿಮೀ ಅಂದರೆ ಅದಕ್ಕೆ ಬೇರೆಯೇ ಭಾರದ ಮಿಷನ್ ಬೇಕು, ಅದನ್ನು ಹವ್ಯಾಸಕ್ಕೆ ತಗೊಳ್ಳುವುದು ನೊಣ ಹೊಡೆಯಲು ಕೋವಿ ತಂದ ಹಾಗೆ.

ಇನ್ನೊಂದು ವಿಷಯ. ಹಳೇ ಮಿಷನ್ನಿಗೆ ಸಾಮಾನ್ಯವಾಗಿ ಕ್ಲಚ್ ಮೋಟರ್ ಇರುತ್ತದೆ. ಕಾಲು ಇಟ್ಟರೆ ಓಡಿಯೇ ಬಿಡುತ್ತದೆ, ಹೊಸಬರಿಗೆ ನಿಲ್ಲಿಸುವುದೇ ಕಷ್ಟ. ಸರ್ವೋ ಮೋಟರ್ ಹಾಕಿಸಿದರೆ ನಿಧಾನಕ್ಕೆ ಓಡಿಸಬಹುದು, ಅದರ ಖರ್ಚು ಬೇರೆ. ಮುಂದೆ ಯಾವತ್ತಾದರೂ ತಗೊಳ್ಳುವುದಾದರೆ ನಿಮ್ಮದೇ ಚರ್ಮ, ನಿಮ್ಮದೇ ದಾರ ತೆಗೆದುಕೊಂಡು ಹೋಗಿ, ಅವರ ಎದುರಿಗೇ ಒಂದು ಅಡಿ ಹೊಲಿದು ನೋಡಿ ಆಮೇಲೆ ದುಡ್ಡು ಕೊಡಿ. ಬಟ್ಟೆ ತುಂಡು ಹೊಲಿದು ತೋರಿಸುವವರನ್ನು ನಂಬಬೇಡಿ.

ಪರ್ಸು, ಚಿಕ್ಕ ಬ್ಯಾಗಿಗೆ ಅಮ್ಮನ ಮಿಷನ್ನೇ ಸಾಕು, ಅವರು ಮುಟ್ಟಲು ಬಿಟ್ಟರೆ! 1 ಮಿಮೀ ಮೆತ್ತನೆ ಚರ್ಮ, ಎರಡೇ ಪದರ. 16 ಅಥವಾ 18 ನಂಬರಿನ ಚರ್ಮದ ಸೂಜಿ ಅಂತಲೇ ಕೇಳಿ ತನ್ನಿ, ಅದರ ತುದಿ ಚಿಕ್ಕ ಉಳಿಯ ಹಾಗೆ ಕೊಯ್ದುಕೊಂಡು ಹೋಗುತ್ತದೆ. ಹೊಲಿಗೆ ಉದ್ದ 3.5 ರಿಂದ 4 ಮಿಮೀ ಇಡಿ. ಒತ್ತೊತ್ತಾಗಿ ಹೊಲಿದರೆ ಅಂಚೆ ಚೀಟಿಯ ಅಂಚಿನ ಹಾಗೆ ಹರಿದುಕೊಂಡು ಬರುತ್ತದೆ. ತುಳಿಯಬೇಡಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ. ಫೂಟ್ ಅಂಟಿದರೆ ಮೇಲೆ ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಕಿತ್ತು ಹಾಕಿ. ತಪ್ಪಿದರೆ ಬಿಚ್ಚಿ ಹೊಲಿಯಲು ಇದು ಬಟ್ಟೆಯಲ್ಲ, ಬಿದ್ದ ತೂತು ಬಿದ್ದದ್ದೇ.

ಕಲೆಯ ವಿಷಯ ನನಗೆ ಗೊತ್ತಿಲ್ಲ, ಗೊತ್ತಿದ್ದವರು ಹೇಳಲಿ.

ದಬ್ಬಳ (ಸಾಗರ):

ನನ್ನ ಹೆಸರು ದಬ್ಬಳ ಅಂತ ಇಟ್ಟುಕೊಂಡಿದ್ದರೂ ಮೊದಲ ಮಾತು ಇದು: ಆ ದಬ್ಬಳವನ್ನು ಗೋಣಿಚೀಲಕ್ಕೇ ವಾಪಸ್ ಕೊಟ್ಟುಬಿಡಿ ಮಾರಾಯ್ರೆ. ಅದರ ತೂತಿನಲ್ಲಿ ದಾರ ಗಟ್ಟಿಯಾಗಿ ಕೂರುವುದೇ ಇಲ್ಲ.

ಕಲೆ ಬೂಷ್ಟಲ್ಲ. ಬೂಷ್ಟು ಬಿಳಿ ಅಥವಾ ಹಸಿರು ಹಿಟ್ಟಿನ ಹಾಗೆ ಮೇಲೆ ಕೂರುತ್ತದೆ, ಒರೆಸಿದರೆ ಬರುತ್ತದೆ, ವಾಸನೆಯೂ ಇರುತ್ತದೆ. ನಿಮ್ಮದು ಚರ್ಮದ ಒಳಗೇ ಇಳಿದಿದೆ ಅಲ್ವಾ? ಹಸಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಕಪ್ಪಾಗುತ್ತದಲ್ಲ, ಅದೇ ಇದು. ಅಡಿಕೆಯ ಚೊಗರಿನಲ್ಲೂ ಟ್ಯಾನಿನ್ ಇದೆ, ಮರದ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮದಲ್ಲೂ ಟ್ಯಾನಿನ್ ಇದೆ. ಟ್ಯಾನಿನ್‌ಗೆ ಒದ್ದೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಅಪ್ಪಯ್ಯ ಸೊಪ್ಪು ಕಡಿದು ಒದ್ದೆ ಕತ್ತಿಯನ್ನೇ ಒರೆಗೆ ತುರುಕಿದ್ದಾರೆ, ಅಷ್ಟೇ. ಒಂದು ಸಮಾಧಾನ ಏನೆಂದರೆ ನಿಮಗೆ ಕೊಟ್ಟದ್ದು ನಿಜವಾಗಿಯೂ ವೆಜ್ ಟ್ಯಾನ್. ಕ್ರೋಮ್ ಚರ್ಮ, ಅಂದರೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು, ಆಗಿದ್ದರೆ ಹೀಗೆ ಕಪ್ಪಾಗುತ್ತಿರಲಿಲ್ಲ.

ಬಟ್ಟೆಯಲ್ಲಿ ನಿಂಬೆರಸ ಅದ್ದಿ ಉಜ್ಜಿ, ಕಲೆ ತಿಳಿಯಾಗುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಹೋಗಲಿಲ್ಲ ಅಂದರೆ ಪೂರ್ತಿ ಕಪ್ಪು ಮಾಡಿಬಿಡಿ, ಅದು ಇನ್ನೂ ಚಂದ. ತುಕ್ಕು ಮೊಳೆಗಳನ್ನು ವಿನೆಗರ್‌ನಲ್ಲಿ ಒಂದು ವಾರ ನೆನೆಸಿ, ಸೋಸಿ, ಬಳಿಯಿರಿ. ಕಣ್ಣೆದುರೇ ಕಪ್ಪಾಗುತ್ತದೆ. ಬಾಟಲಿಯ ಮುಚ್ಚಳ ಬಿಗಿ ಮಾಡಬೇಡಿ, ಗ್ಯಾಸ್ ಬರುತ್ತದೆ.

ಈಗ ಹೊಲಿಗೆ. ದಾರ ಕತ್ತರಿಸಿದ್ದು ಹೊಲಿಗೆಯ ತಪ್ಪಲ್ಲ. ಎರಡು ಪದರದ ಮಧ್ಯೆ, ಕತ್ತಿಯ ಬಾಯಿ ಬರುವ ಕಡೆ, ಒಂದು ಬೆರಳಗಲದ ಚರ್ಮದ ಪಟ್ಟಿ ಇಡಬೇಕು. ಬಾಯಿ ಆ ಪಟ್ಟಿಗೆ ತಾಗುತ್ತದೆ, ದಾರಕ್ಕೆ ತಾಗುವುದಿಲ್ಲ. ಆ ಪಟ್ಟಿ ಇಲ್ಲದ ಒರೆ ಯಾವ ಮಿಷನ್ನಿನಲ್ಲಿ ಹೊಲಿದರೂ ಒಂದೇ ವಾರ. ಹಾಗೇ ಅಪ್ಪಯ್ಯನ ಕತ್ತಿಯ ಮೂತಿ ಬಾಗಿದ್ದರೆ ಮೇಲಿನಿಂದ ಇಳಿಸುವ ಒರೆ ಆಗುವುದಿಲ್ಲ, ಬೆನ್ನಿನ ಕಡೆ ತೆರೆದಿಟ್ಟು ಒಂದು ಪಟ್ಟಿ, ಟಿಚ್ ಬಟನ್ ಹಾಕಿ. ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡಿ.

ಮೂರು ಪದರವನ್ನೂ ಚಪ್ಪಲಿ ಅಂಟು ಹಾಕಿ ಕೂರಿಸಿ. ಅಂಚಿನಿಂದ 4 ಮಿಮೀ ಒಳಗೆ ಕೈವಾರದಲ್ಲಿ ಗೆರೆ ಎಳೆಯಿರಿ, ನಾನು ಮಗಳ ಜಾಮಿಟ್ರಿ ಬಾಕ್ಸಿನದ್ದನ್ನೇ ಕದ್ದದ್ದು. ಗೆರೆಯ ಮೇಲೆ ಊಟದ ಫೋರ್ಕ್ ಒತ್ತಿಕೊಂಡು ಹೋದರೆ ಸಮ ಅಂತರದ ಗುರುತು ಸಿಗುತ್ತದೆ. 9 ಮಿಮೀ ದಪ್ಪಕ್ಕೆ ಬಡಿಯುವ ಉಳಿ ಇಳಿಯುವುದಿಲ್ಲ, 1.5 ಮಿಮೀ ಬಿಟ್ ಹಾಕಿ ಡ್ರಿಲ್ ಮಾಡಿ, ನೆಟ್ಟಗೆ ಹಿಡಿಯಿರಿ.

ದಾರ ಒಂದೇ, ಸೂಜಿ ಎರಡು. ಮೊಂಡು ಮೂತಿಯ ಸೂಜಿ. ದಾರದ ಉದ್ದ ಹೊಲಿಗೆಯ ನಾಲ್ಕರಷ್ಟು ಬೇಕು, ದಪ್ಪ ಚರ್ಮಕ್ಕೆ ಇನ್ನೂ ಒಂದು ಮೊಳ ಜಾಸ್ತಿ ಇರಲಿ, ಮಧ್ಯದಲ್ಲಿ ಸಾಲದೆ ಬಂದರೆ ಬೇಜಾರು. ಹತ್ತಿ ದಾರ ಬೇಡ, ನಮ್ಮ ಮಳೆಗೆ ಕೊಳೆಯುತ್ತದೆ. ಪಾಲಿಯೆಸ್ಟರ್ ದಾರಕ್ಕೆ ಜೇನುಮೇಣ ಉಜ್ಜಿ. ಊರಲ್ಲಿ ತುಡುವೆ ಜೇನು ಸಾಕುವವರು ಇದ್ದೇ ಇರುತ್ತಾರೆ, ಒಂದು ಉಂಡೆ ಕೇಳಿದರೆ ಇಲ್ಲ ಅನ್ನುವುದಿಲ್ಲ.

ಮೊದಲ ತೂತಿನಲ್ಲಿ ದಾರ ಹಾಕಿ ಎರಡೂ ಕಡೆ ಸಮ ಮಾಡಿಕೊಳ್ಳಿ. ಮುಂದಿನ ತೂತಿಗೆ ಎಡಗೈ ಸೂಜಿ ಮೊದಲು. ಅದೇ ತೂತಿಗೆ ಬಲಗೈ ಸೂಜಿ, ಆದರೆ ಮೊದಲು ಹೋದ ದಾರವನ್ನು ಸ್ವಲ್ಪ ಹಿಂದಕ್ಕೆ ಎಳೆದು ಹಿಡಿದುಕೊಂಡು, ಇಲ್ಲದಿದ್ದರೆ ಸೂಜಿ ಆ ದಾರವನ್ನೇ ಚುಚ್ಚುತ್ತದೆ. ಆಮೇಲೆ ಎರಡೂ ಕೈಯಲ್ಲಿ ಒಟ್ಟಿಗೆ ಎಳೆಯಿರಿ. ಎಡ, ಬಲ, ಎಳೆ. ಈ ಕ್ರಮ ಒಂದು ಸಲ ತಪ್ಪಿದರೂ ಹೊಲಿಗೆಯ ಸಾಲಿನಲ್ಲಿ ಒಂದು ಹಲ್ಲು ವಕ್ರವಾದ ಹಾಗೆ ಕಾಣುತ್ತದೆ. ಕೊನೆಯಲ್ಲಿ ಮೂರು ತೂತು ಹಿಂದಕ್ಕೆ ಬಂದು ಕತ್ತರಿಸಿ, ಲೈಟರ್ ತಾಗಿಸಿ. ಮಿಷನ್ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತವೆ, ಒಂದು ಹೋದರೆ ಇನ್ನೊಂದು ಸಡಿಲ. ಇದರಲ್ಲಿ ಒಂದು ಸವೆದು ಹೋದರೂ ಇನ್ನೊಂದು ಎಲ್ಲ ತೂತಿನಲ್ಲೂ ಹಾದು ನಿಂತಿರುತ್ತದೆ.

ಎರಡೂ ಕೈ ಬೇಕಲ್ಲ, ಚರ್ಮ ಹಿಡಿಯುವವರು ಯಾರು? ಎರಡು ಅಡಿಕೆ ದಬ್ಬೆ ನುಣ್ಣಗೆ ಮಾಡಿ, ಬುಡದಲ್ಲಿ ಒಂದು ಬೋಲ್ಟ್ ಹಾಕಿ, ಮಧ್ಯೆ ಚರ್ಮ ಸಿಗಿಸಿ ತೊಡೆಯ ನಡುವೆ ಹಿಡಿಯಿರಿ. ನಂದು ಆರು ವರ್ಷದಿಂದ ಅದೇ.

ಕೈಹೊಲಿಗೆ ನಿಲ್ಲುತ್ತಾ ಅನ್ನುವವರು ಅಥಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ತಿರುಗಿಸಿ ನೋಡಲಿ. ಮೊಳೆ ಇಲ್ಲ, ಚರ್ಮದ ಎಳೆಯಲ್ಲೇ ಹೊಲಿದದ್ದು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದ್ದು ಮಹಾರಾಷ್ಟ್ರದ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಸೇರಿ.

ಹೊಸನಗರದ ಮದ್ದಳೆ:

ಮಳೆಗಾಲದ ಬಗ್ಗೆ ಯಾರೂ ಹೇಳಲಿಲ್ಲ. ವರ್ಷಕ್ಕೆ 7000 ಮಿಮೀ ಮೇಲೆ ಮಳೆ ಬೀಳುವ ಆಗುಂಬೆ ನಿಮಗೆ ಪಕ್ಕದಲ್ಲೇ ಇದೆ. ಚರ್ಮವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಚೌತಿ ಹಬ್ಬದ ಹೊತ್ತಿಗೆ ಅದರ ಮೇಲೆ ತೋಟವೇ ಎದ್ದಿರುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ, ಗಾಳಿ ಆಡುವ ಕಡೆ ತೂಗುಹಾಕಿ. ಬೂಷ್ಟು ಬಂದರೆ ಹೊರಗೆ ಒಯ್ದು ಒಣ ಬಟ್ಟೆಯಲ್ಲಿ ಒರೆಸಿ, ಮನೆಯೊಳಗೆ ಕೊಡವಬೇಡಿ. ಎಣ್ಣೆ ಜಾಸ್ತಿ ಹಚ್ಚಬೇಡಿ, ಬೂಷ್ಟಿಗೆ ಅದೂ ಊಟವೇ.

ಮತ್ತೆ ಬಚ್ಚಲ ಒಲೆ ಹತ್ತಿರ ಒಣಗಿಸಲು ಹೋಗಬೇಡಿ. ಮದ್ದಳೆಯ ಚರ್ಮ ಹದ ಮಾಡದ ಹಸಿ ಚರ್ಮ, ಥಂಡಿಗೆ ಸಡಿಲವಾದರೆ ಸ್ವಲ್ಪ ಬಿಸಿ ತೋರಿಸಿ ನಾದ ಏರಿಸುತ್ತೇವೆ. ಅದೇ ಬುದ್ಧಿಯಲ್ಲಿ ನನ್ನ ಒದ್ದೆ ಬೆಲ್ಟನ್ನು ಒಲೆಕಟ್ಟೆಯ ಮೇಲೆ ಇಟ್ಟಿದ್ದೆ. ಬೆಳಗ್ಗೆ ನೋಡಿದರೆ ಸುಟ್ಟ ಹಪ್ಪಳ.

ಸುಗ್ಗಿ ಮುಗೀತು:

ಎಲ್ಲರಿಗೂ ಥ್ಯಾಂಕ್ಸ್. ಮಿಷನ್ ಬೇಡ ಅಂತ ಫೋನ್ ಮಾಡಿ ಹೇಳಿದೆ. 22ಕ್ಕೆ ಕೊಡ್ತೇನೆ ಅಂದರು, ಆದರೂ ಬೇಡ ಅಂದೆ.

ನಿಂಬೆರಸದಲ್ಲಿ ಚಿಕ್ಕ ಕಲೆ ಎಲ್ಲ ಹೋಯಿತು, ಬಾಯಿ ಹತ್ತಿರದ ದೊಡ್ಡದು ಕಂದು ಬಣ್ಣಕ್ಕೆ ತಿರುಗಿ ನಿಂತಿದೆ. ಮೊಳೆ ವಿನೆಗರ್‌ನಲ್ಲಿ ಕೂತಿದೆ. ಹಳೇ ಪರ್ಸು ಬಿಚ್ಚಿ ಎರಡು ಸೂಜಿಯಲ್ಲಿ ಹೊಲಿದು ನೋಡಿದೆ, ಒಂದು ಗೇಣಿಗೆ ಮುಕ್ಕಾಲು ಗಂಟೆ ಹಿಡಿಯಿತು, ಮೊದಲ ಎರಡು ಇಂಚು ಹಾವು ಹರಿದ ಹಾಗಿದೆ, ಆಮೇಲೆ ಪರವಾಗಿಲ್ಲ. ಒಂದು ಅನುಮಾನ ಉಳಿದಿದೆ. ಅಂಚು ನುಣುಪು ಮಾಡುವುದು ಹೇಗೆ? ಪರ್ಸಿನ ಅಂಚು ಎಷ್ಟು ಉಜ್ಜಿದರೂ ನಾರು ಏಳುತ್ತದೆ.

ದಬ್ಬಳ (ಸಾಗರ):

ಪರ್ಸಿನದು ಕ್ರೋಮ್ ಚರ್ಮ ಇರಬೇಕು. ಕತ್ತರಿಸಿದ ಅಂಚು ನೋಡಿ, ಮಧ್ಯದಲ್ಲಿ ಬೂದು ನೀಲಿ ಕಂಡರೆ ಅದೇ. ಅದು ಉಜ್ಜಿದರೆ ಹೊಳೆಯುವುದಿಲ್ಲ, ಅಂಚು ಮಡಚಿ ಹೊಲಿಯಿರಿ ಅಥವಾ ಅಂಚಿಗೆ ಹಾಕುವ ಪೇಂಟ್ ಹಚ್ಚಿ. ಒರೆಯದ್ದು ಆಗುತ್ತದೆ: 400 ನಂಬರಿನ ಪಾಲಿಶ್ ಪೇಪರಿನಲ್ಲಿ ತಿಕ್ಕಿ, ಬೆರಳಲ್ಲಿ ಸ್ವಲ್ಪ ನೀರು ಸವರಿ, ನುಣುಪು ಕೋಲಿನಲ್ಲಿ ಬಿಸಿಯಾಗುವವರೆಗೂ ಉಜ್ಜಿ. ಬಡಗಿಯ ಹತ್ತಿರ ಬೀಟೆ ಮರದ ತುಂಡು ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕಪ್ಪು ಬಳಿದು, ಪೂರ್ತಿ ಒಣಗಿದ ಮೇಲೆ ಉಜ್ಜಿ, ಮೊದಲೇ ಉಜ್ಜಿದರೆ ಬಣ್ಣ ಇಳಿಯುವುದಿಲ್ಲ.

ಮತ್ತೆ ಅಪ್ಪಯ್ಯನಿಗೆ ಹೇಳಿ, ರಾತ್ರಿ ಕತ್ತಿ ಒರೆಯಲ್ಲಿ ಇಡಬಾರದು. ಒರೆಸಿ ಗೋಡೆಗೆ ಸಿಗಿಸಲಿ.

ಸುಗ್ಗಿ ಮುಗೀತು:

ಹೇಳಿದೆ. "ಐವತ್ತು ವರ್ಷದಿಂದ ಕತ್ತಿ ಗೋಡೆಯಲ್ಲೇ ಇತ್ತು, ಒರೆ ಮಾಡಿದ್ದು ನೀನು" ಅಂದರು.